ಬಾಮೈದ ಕೂತರೆ ಮಿಸ್ಸಿಂಗ್

ಪೀಣ್ಯದ ನನ್ನ ಗ್ಯಾರೇಜಿಗೆ ಹಳೇ ಪಿಕಪ್ ತಂದವನು ತರಕಾರಿ ಸಾಗಿಸುವ ಮಂಜಣ್ಣ. "ಇಂಜಿನ್ ಆಗಾಗ ಮಿಸ್ಸಿಂಗ್ ಹೊಡೀತೈತೆ ಗುರು, ಕೆಮ್ಮಿ ಕೆಮ್ಮಿ ಎಳೀತೈತೆ. ನಮ್ ಬಾಮೈದ ಪಕ್ಕದಲ್ಲಿ ಕೂತಾಗ ಮಾತ್ರ. ಅವನ ಕಾಲ್ಗುಣಾನೇ ಸರಿ ಇಲ್ಲ. ಅದಕ್ಕೇ ಅವನನ್ನ ಗಾಡಿ ಹತ್ತಿಸೋದೇ ಬಿಟ್ಟಿದೀನಿ. ಹೆಂಡ್ತಿ ಕಾಟ ತಡೀಲಾರ್ದೆ ರಿಪೇರಿಗೆ ತಂದೆ" ಅಂದ.

"ಕಾಲ್ಗುಣ ರಿಪೇರಿ ನಮ್ಮಲ್ಲಿ ಮಾಡಲ್ಲ" ಅಂದೆ. ಪ್ಲಗ್ ಬದಲಾಯಿಸಿದೆ, ಕಾರ್ಬೊರೇಟರ್ ಬಿಚ್ಚಿ ತೊಳೆದೆ, ಮಂಜಣ್ಣನ ಕೈಲಿ ಗಾಡಿ ಓಡಿಸಿ, ಪಕ್ಕದ ಸೀಟಲ್ಲೇ ಕೂತು ಒಂದು ರೌಂಡ್ ಹೋಗಿಬಂದೆ. ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಕೊನೆಗೆ ತಲೆಕೆಟ್ಟು ಬಾಮೈದನನ್ನೇ ಕರೆಸಿದೆ. ಬಂದವನು ನನ್ನ ಎರಡರಷ್ಟು ದಪ್ಪ. ಅವನು ಕೂತದ್ದೇ ತಡ, ಇಂಜಿನ್ ನಡುಗಿ ಕೆಮ್ಮತೊಡಗಿತು. "ನೋಡ್ದಾ?" ಅಂತ ಮಂಜಣ್ಣ ಗೆದ್ದವನ ಹಾಗೆ ಬೀಗಿದ. ಬಾಮೈದ ತಲೆ ತಗ್ಗಿಸಿದ.

ಆ ಗಾಡಿಯ ಇಂಜಿನ್ ಇರುವುದೇ ಸೀಟಿನ ಕೆಳಗೆ. ಮತ್ತೆ ಸೀಟು ಎತ್ತಿ, ಈ ಸಲ ಪ್ಲಗ್ ವೈರನ್ನು ತಿರುಗಿಸಿ ನೋಡಿದರೆ ಅದರ ರಬ್ಬರ್ ಅಡಿಯಲ್ಲಿ ಸವೆದುಹೋಗಿತ್ತು. ಭಾರ ಬಿದ್ದಾಗ ಸೀಟು ಕುಸಿದು ವೈರನ್ನು ಕಬ್ಬಿಣಕ್ಕೆ ಒತ್ತುತ್ತಿತ್ತು, ಕರೆಂಟ್ ಅಲ್ಲೇ ಸೋರಿಹೋಗುತ್ತಿತ್ತು. ಹೊಸ ವೈರ್ ಹಾಕಿದೆ. ಬಾಮೈದ ಮತ್ತೆ ಧಡ್ ಅಂತ ಕೂತ. ಏನೂ ಆಗಲಿಲ್ಲ.

"ಭಾವ, ಇನ್ಮೇಲೆ ದಿನಾ ನಾನೂ ಬರ್ತೀನಿ!" ಅಂದ ಕುಣಿಯುತ್ತಾ.

ಮಂಜಣ್ಣ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಎಳೆದ. "ಗುರು, ಹಳೇ ವೈರ್ ಎಸೆದ್ಬಿಟ್ಯಾ?"