ಒಂದು ಕೈ ಸಾಕಾಗುವ ಕೆಲಸ

ಕಳೆದ ಭಾನುವಾರ ಚಿಕ್ಕೋಡಿಯ ನಮ್ಮ ಮನೆಯ ಹೊಸ ಬಾಗಿಲಿಗೆ ವಾರ್ನಿಶ್ ಹೊಡೆಸಿದೆವು. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಹೋದರೆ ನಾನೊಬ್ಬ ಮಾತ್ರ ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತು ಉದ್ದುದ್ದ ಉಸಿರೆಳೆಯುತ್ತಿದ್ದೆ. ಐವತ್ತು ದಾಟಿದ ಮಾಸ್ತರನಿಗೆ ಇದೆಂಥ ಚಟ ಎಂದು ಹೆಂಡತಿ ಬಣ್ಣ ಹೊಡೆಯುವವನ ಎದುರಿಗೇ ಕೇಳಿದಳು. ಉತ್ತರ ಅವಳಿಗೆ ಗೊತ್ತು, ಹತ್ತಾರು ಸಲ ಕೇಳಿಸಿಕೊಂಡಿದ್ದಾಳೆ. ಗೊತ್ತಿಲ್ಲದಿರುವುದು ನಿಮಗೆ. ಹೇಳುತ್ತೇನೆ, ಪುರಸೊತ್ತಿದ್ದರೆ ಕುಳಿತುಕೊಳ್ಳಿ.

ಈ ವಾಸನೆ ನನ್ನ ಪಾಲಿಗೆ ಅಂಕಲಿಯ ಬಾಳು ಮಿಸ್ತ್ರಿಯವರ ಅಂಗಡಿಯದು. ಅವರದು ಮೋಟಾರ್ ರಿವೈಂಡಿಂಗ್. ಸುತ್ತಲೂ ಕಬ್ಬು, ಪಕ್ಕದಲ್ಲಿ ಕೃಷ್ಣೆ, ದಂಡೆಯುದ್ದಕ್ಕೂ ನೀರೆತ್ತುವ ಪಂಪುಗಳು. ಬೇಸಿಗೆ ಬಂತೆಂದರೆ ಮೋಟಾರುಗಳು ಸುಟ್ಟುಕೊಳ್ಳುತ್ತಿದ್ದವು. ಮಿಸ್ತ್ರಿ ಸುಟ್ಟ ತಾಮ್ರದ ತಂತಿಯನ್ನು ಕಿತ್ತು, ಹೊಸದನ್ನು ಸುತ್ತಿ, ವಾರ್ನಿಶ್ ಕುಡಿಸಿ ಒಣಗಲು ಇಡುತ್ತಿದ್ದರು. ನಮಗಂತೂ ಕಬ್ಬೂ ಇಲ್ಲ, ಮೋಟಾರೂ ಇಲ್ಲ. ಕಬ್ಬೂರಿನ ಸಾಲೆಯಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದ ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಮಾಮಾನ ಗಿಟಾರಿನ ಡಬ್ಬಿಯನ್ನು ಹೊತ್ತುಕೊಂಡು.

ಯಶವಂತ ಮಾಮಾ ನನ್ನ ತಾಯಿಯ ತಮ್ಮ, ಐನಾಪುರದವನು. ಪಂಚಾಯತಿಯಲ್ಲಿ ಕಾರಕೂನನಾಗಿದ್ದ, ಅದು ಹೊಟ್ಟೆಪಾಡಿಗೆ. ಅವನ ಜೀವವೆಲ್ಲ ಇದ್ದದ್ದು ಗಿಟಾರಿನಲ್ಲಿ. ಏಪ್ರಿಲ್ ಹದಿನಾಲ್ಕರ ಜಯಂತಿಗೆ ನಮ್ಮ ಕಡೆಯ ವಿಹಾರಗಳ ಮುಂದೆ ಹಾಡಿನ ಮೇಳ ಕಟ್ಟುತ್ತಾರಲ್ಲ, ಅಥಣಿಯಿಂದ ನಿಪ್ಪಾಣಿಯವರೆಗೆ ಅವನ ಗಿಟಾರಿಲ್ಲದೆ ಮೇಳ ಏಳುತ್ತಿರಲಿಲ್ಲ. ಮಿರಜಿನಲ್ಲಿ ಬಾಗಿಲು ಹಾಕಿದ ಒಂದು ಆರ್ಕೆಸ್ಟ್ರಾದವರಿಂದ ಆ ಡಬ್ಬಿಯನ್ನು ತಂದಿದ್ದ. ಡಬ್ಬಿ ಎನ್ನುವುದು ನಮ್ಮ ಮನೆಯ ಹೆಸರು, ನಿಜವಾಗಿ ಅದು ಹಳೆಯ ವಾಲ್ವ್ ಆಂಪ್ಲಿಫಾಯರ್. ಒಳಗೆ ಐದು ಗಾಜಿನ ವಾಲ್ವುಗಳು. ಸ್ವಿಚ್ ಒತ್ತಿದ ಮೇಲೆ ಅವು ಕೆಂಪಗೆ ಕಾಯುವವರೆಗೆ ನಾವೂ ಕಾಯಬೇಕು. ಆಮೇಲೆ ಬರುವ ದನಿ ಒರಟೂ ಹೌದು, ಮೆತ್ತಗೂ ಹೌದು. ತಂತಿ ಮೀಟಿದರೆ ನಾದ ಸ್ವಲ್ಪ ಕುಗ್ಗಿ ಮತ್ತೆ ಅರಳುತ್ತಿತ್ತು.

ಐವತ್ತೆರಡನೆಯ ವಯಸ್ಸಿಗೆ ಮಾಮಾನಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಕಾಲು ನಿಧಾನಕ್ಕೆ ಬಂತು, ಎಡಗೈ ಮಾತ್ರ ಬರಲಿಲ್ಲ. ಗಿಟಾರಿನ ಕುತ್ತಿಗೆಯ ಮೇಲೆ ಓಡಾಡುತ್ತಿದ್ದ ಕೈ ಅದೇ. ಗಿಟಾರು, ಡಬ್ಬಿ ಎರಡನ್ನೂ ನನ್ನ ಮನೆಗೆ ಕಳಿಸಿಬಿಟ್ಟ. ಮನೆಯಿಂದ ಹೊರಗೆ ಬರುವುದನ್ನು ಬಿಟ್ಟ. ಯಾರಾದರೂ ಬಂದರೆ ಎಡಗೈಯ ಮೇಲೆ ಟಾವೆಲ್ ಎಳೆದುಕೊಳ್ಳುತ್ತಿದ್ದ. ಮನುಷ್ಯ ಕಣ್ಣೆದುರಿಗೇ ಮೂಲೆ ಸೇರುತ್ತಿದ್ದಾನೆ ಎಂದು ಮಾಮಿ ನನ್ನ ಮುಂದೆ ಅತ್ತಳು.

ಆಗ ನನಗೊಂದು ಬುದ್ಧಿ ಹೊಳೆಯಿತು. ನನಗೆ ಬುದ್ಧಿ ಹೊಳೆದಾಗಲೆಲ್ಲ ಮನೆಯವರು ಹೆದರುತ್ತಾರೆ, ಅದಕ್ಕೆ ಕಾರಣಗಳಿವೆ. ಮಾಮಾನಿಂದಲೇ ನಾಲ್ಕಾರು ಹಾಡು ಕಲಿತವನು ನಾನು. ಅವನೆದುರಿಗೆ ಬಾರಿಸಿ, ಅವನ ಮನಸ್ಸನ್ನು ಎಬ್ಬಿಸೋಣ ಎಂದುಕೊಂಡೆ. ಡಬ್ಬಿಗೆ ಅಪಾಯ ಆಗದಿರಲಿ ಎಂದು ಮನೆಯ ಟಿವಿಗಿದ್ದ ಸ್ಟೆಬಿಲೈಜರನ್ನು ಅದಕ್ಕೆ ಜೋಡಿಸಿದೆ. ಹಳೆಯ ಸ್ಪೀಕರ್ ತೆಗೆದು ದೊಡ್ಡದನ್ನು ಹಾಕಿದೆ. ಐನಾಪುರಕ್ಕೆ ಹೊತ್ತೊಯ್ದು, ಹೆಮ್ಮೆಯಿಂದ ಬಾರಿಸಿದೆ. ಮಾಮಾ ಎರಡು ಸಾಲು ಕೇಳಿ ಮುಖ ತಿರುಗಿಸಿದ.

“ದನಿ ದೊಡ್ಡದಾಗೇತಿ ಖರೆ. ಆದರ ಇದು ನಮ್ಮ ಡಬ್ಬಿ ಅಲ್ಲ. ಬಂದ್ ಮಾಡು,” ಅಂದ.

ಹಳೆಯ ಸ್ಪೀಕರನ್ನೇ ಮತ್ತೆ ಕೂರಿಸಿದೆ, ಆದರೂ ಆ ದನಿ ಬರಲಿಲ್ಲ. ಸಾಲದ್ದಕ್ಕೆ ನನ್ನ ಕೈವಾಡದಿಂದಲೋ ಬಸ್ಸಿನ ಕುಲುಕಾಟದಿಂದಲೋ ಡಬ್ಬಿ ಚರಚರ ಎನ್ನಲು ಶುರು ಮಾಡಿತು. ಚಿಕ್ಕೋಡಿಯಲ್ಲಿ, ನಿಪ್ಪಾಣಿಯಲ್ಲಿ ರೇಡಿಯೋ ರಿಪೇರಿಯವರ ಹತ್ತಿರ ಅಲೆದೆ. ವಾಲ್ವ್ ಎಂದ ಕೂಡಲೇ ಗುಜರಿಯ ದಾರಿ ತೋರಿಸಿದರು. ಕೊನೆಗೆ ಒಬ್ಬರು ಬಾಳು ಮಿಸ್ತ್ರಿಯವರ ಹೆಸರು ಹೇಳಿದರು. ಹರೆಯದಲ್ಲಿ ಟೂರಿಂಗ್ ಟಾಕೀಸಿನ ವಾಲ್ವ್ ಸೆಟ್ಟುಗಳನ್ನು ನೋಡಿಕೊಂಡವರಂತೆ.

ಮಿಸ್ತ್ರಿಯವರದು ಒಂದು ಹಟ. ಡಬ್ಬಿ ಯಾರ ಕಿವಿಗೆ ಗೊತ್ತೋ ಅವರು ಎದುರಿಗಿರದೆ ಸ್ಕ್ರೂ ಬಿಚ್ಚುವುದಿಲ್ಲ ಎಂದರು. ಅಂದರೆ ಮಾಮಾ ಬರಬೇಕು. ಅವನನ್ನು ಹೊರಡಿಸುವುದು ಸುಲಭವಾಗಲಿಲ್ಲ. ಮಾಮಿ ಅಂಗಿ ಇಸ್ತ್ರಿ ಮಾಡಿಟ್ಟಳು, ನಾನು ಗಿಟಾರು, ಡಬ್ಬಿ ಎರಡನ್ನೂ ಹಾಕಿಕೊಂಡು ಜೀಪು ತಂದೆ, ಅವನು ಕೃಷ್ಣೆ ದಾಟುವವರೆಗೂ ನಮ್ಮಿಬ್ಬರನ್ನೂ ಬೈದ. ಅಂಗಡಿಗೆ ಬಂದವನೇ ಮೂಲೆಯ ಬೆಂಚಿನ ಮೇಲೆ ಕುಳಿತು ಟಾವೆಲ್ ಸರಿಮಾಡಿಕೊಂಡ.

ಮಿಸ್ತ್ರಿ ಮೊದಲು ಡಬ್ಬಿಯ ಹಿಂಬದಿ ತೆಗೆದು ಮೂಸಿದರು. ಸುಟ್ಟ ವಾಸನೆ ಇಲ್ಲ ಎಂದು ತಲೆಯಾಡಿಸಿದರು. ಕರೆಂಟ್ ಕೊಟ್ಟು, ಮೋಟಾರಿನೊಳಗಿನ ಸೀಳುಗಳಲ್ಲಿ ತಂತಿಯನ್ನು ಒತ್ತಿ ಕೂರಿಸುವ ಬಿದಿರಿನ ಪಟ್ಟಿಯೊಂದನ್ನು ಬಲಗೈಯಲ್ಲಿ ಹಿಡಿದರು. ಅವರ ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಗಿ ಬೆಲ್ಟಿನಲ್ಲಿ ಸಿಕ್ಕಿಕೊಂಡಿತು. ಹತ್ತಿರ ನಿಂತಿದ್ದ ನನಗೂ ಹಾಗೆಯೇ ಮಾಡಲು ಹೇಳಿದರು. ಈ ಡಬ್ಬಿಯೊಳಗೆ ಮನೆಯ ಕರೆಂಟಿಗಿಂತ ಜೋರಾದ ಕರೆಂಟ್ ಇರುತ್ತದೆ, ಎರಡೂ ಕೈ ಮುಂದಿದ್ದರೆ ಒಂದು ಕೈಯಿಂದ ಹೊಕ್ಕು ಎದೆಯ ಮೂಲಕ ಹಾಯ್ದು ಇನ್ನೊಂದರಿಂದ ಹೋಗುತ್ತದೆ ಎಂದು ವಿವರಿಸಿದರು. ಒಣ ಬಿದಿರಿನಿಂದ ಒಂದೊಂದೇ ಬೆಸುಗೆ, ಒಂದೊಂದೇ ವಾಲ್ವನ್ನು ಮೆಲ್ಲಗೆ ತಟ್ಟುತ್ತ ಹೋದರೆ, ಎಲ್ಲಿ ಸಡಿಲಿದೆಯೋ ಅಲ್ಲಿ ಡಬ್ಬಿಯೇ ಚೀರುತ್ತದೆ. ಆದರೆ ತಟ್ಟುವವನ ಕೈ ಹಗುರ ಇರಬೇಕು, ಕಿವಿ ಚೂಪಾಗಿರಬೇಕು. ಮಿಸ್ತ್ರಿಯವರ ಕಿವಿ ಮೋಟಾರುಗಳ ನಡುವೆ ಅರ್ಧ ಹೋಗಿತ್ತು. ಎರಡು ಸುತ್ತು ತಟ್ಟಿಯೂ ಸಿಗದಾಗ ಅವರು ಮೂಲೆಯ ಕಡೆ ನೋಡಿದರು.

“ದಾದಾ, ಇಲ್ಲಿ ಬರ್ರಿ. ನಿಮ್ಮ ಕಿವಿ ಬೇಕಾಗೇತಿ, ಕೈನೂ ಬೇಕಾಗೇತಿ.”

ಮಾಮಾ ಟಾವೆಲ್ಲನ್ನು ಇನ್ನೊಂದಿಷ್ಟು ಎಳೆದುಕೊಂಡ. “ನನ್ನ ಕೈಲೆ ಏನ ಆಗತೈತಿ?” ಅಂದ.

“ಈ ಕೆಲಸಕ್ಕ ಒಂದ ಕೈ ಸಾಕ್ರಿ. ನಾ ನನ್ನ ಎಡಗೈ ಹಿಂದ ಸಿಗಿಸಿ ಇಡಬೇಕು, ಮರತರ ಜೀವಕ್ಕ ಧೋಕಾ. ನಿಮಗ ಆ ತ್ರಾಸ ಇಲ್ಲ.”

ನಾವೆಲ್ಲ ವರ್ಷದಿಂದ ಆ ಕೈಯ ಮಾತನ್ನೇ ಎತ್ತದೆ, ಅದು ಕಾಣಲೇ ಇಲ್ಲ ಎಂಬಂತೆ ನಡೆದುಕೊಂಡಿದ್ದೆವು. ಈ ಮನುಷ್ಯ ಎಲ್ಲರೆದುರಿಗೆ ಆಡಿಬಿಟ್ಟರು. ಮಾಮಾ ಅವರ ಮುಖವನ್ನೇ ನೋಡಿದ. ಆಮೇಲೆ ನಕ್ಕ. ಲಕ್ವಾ ಆದ ಮೇಲೆ ನಾನು ಅವನ ನಗು ಕಂಡದ್ದು ಆಗಲೇ. ಎದ್ದು ಬಂದ, ಟಾವೆಲ್ ಬೆಂಚಿನ ಮೇಲೆಯೇ ಉಳಿಯಿತು.

ಮಾಮಾನ ಬಲಗೈಯ ಹಗುರತನದ ಬಗ್ಗೆ ನಾನೇನು ಹೇಳಲಿ, ಮೂವತ್ತು ವರ್ಷ ತಂತಿ ಮೀಟಿದ ಕೈ. ಕಣ್ಣು ಮುಚ್ಚಿ ತಟ್ಟುತ್ತ ಹೋದ. ಮೂರನೆಯ ವಾಲ್ವಿನ ಬುಡಕ್ಕೆ ಬಂದಾಗ ನಿಂತ, ಮತ್ತೊಮ್ಮೆ ತಟ್ಟಿದ, ಡಬ್ಬಿ ಚರ್ ಎಂದಿತು. ಮಿಸ್ತ್ರಿ ಕರೆಂಟ್ ತೆಗೆದು, ಒಳಗೆ ಉಳಿದಿದ್ದ ಚಾರ್ಜನ್ನು ಒಂದು ಬಲ್ಬಿನ ಮೂಲಕ ಇಳಿಸಿ, ಬಿರುಕು ಬಿಟ್ಟಿದ್ದ ಬೆಸುಗೆಯನ್ನು ಹೊಸದಾಗಿ ಹಾಕಿದರು. ಮತ್ತೆ ಚಾಲೂ ಮಾಡಿದರೆ ಚರಚರ ಮಾಯ. ನಾನಿನ್ನೂ ಕೈ ಬೆನ್ನ ಹಿಂದಿಟ್ಟುಕೊಂಡೇ ನಿಂತಿದ್ದೆ.

“ಈಗ ನಿನ್ನ ಎಡಗೈ ಹೊರಗ ತಗಿ,” ಅಂದ ಮಾಮಾ. “ನಂದೂ ಸೇರಿಸಿ ಬಾರಸು.”

ಬಾರಿಸಿದೆ. ಎರಡು ಕಡೆ ತಪ್ಪಿದೆ. ದನಿ ಸ್ವಚ್ಛವಾಗಿತ್ತು, ಆದರೆ ಮಾಮಾನ ಮುಖ ಅರಳಲಿಲ್ಲ. ಅವನು ಹೇಳಿದ ದನಿ ಅದಲ್ಲ. ನಾನು ಬಾರಿಸುತ್ತಲೇ ಇದ್ದೆ, ನಿಲ್ಲಿಸಿದರೆ ಅವನು ಮತ್ತೆ ಮೂಲೆಗೆ ಹೋಗಿಬಿಡುತ್ತಾನೆ ಎಂಬ ಹೆದರಿಕೆ. ಅಷ್ಟರಲ್ಲಿ, ಮಧ್ಯಾಹ್ನ ಪಂಪುಗಳಿಗೆಂದು ಬಿಡುವ ಥ್ರೀ ಫೇಜ್ ಕರೆಂಟ್ ಬಂತು. ಹೊಳೆಯ ದಂಡೆಯ ಪಂಪುಗಳು ಒಂದರ ಹಿಂದೊಂದು ಎದ್ದವು. ಅಂಗಡಿಯ ಬಲ್ಬು ಮಂಕಾಯಿತು, ಫ್ಯಾನು ಸುಸ್ತಾಯಿತು, ನನ್ನ ಬೆರಳ ಕೆಳಗಿನ ನಾದ ಮೆತ್ತಗಾಗಿ ಒಮ್ಮೆ ಕುಗ್ಗಿ ಅರಳಿತು. ಮಾಮಾ ತಲೆ ಎತ್ತಿದ.

“ಇದು. ಇದ ನೋಡ ನಮ್ಮ ದನಿ.”

ಮಿಸ್ತ್ರಿ ಗೋಡೆಯ ಮೇಲಿನ ವೋಲ್ಟ್ ಮೀಟರ್ ನೋಡಿದರು, ಮುಳ್ಳು ನೂರಾ ಎಂಬತ್ತಕ್ಕೆ ಇಳಿದಿತ್ತು. “ದಾದಾ, ನಿಮ್ಮ ದನಿ ಡಬ್ಬ್ಯಾಗ ಇಲ್ರಿ, ನಮ್ಮ ಹೊಳಿ ಪಂಪಿನ್ಯಾಗ ಐತಿ,” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಏಪ್ರಿಲ್ ಬಿಸಿಲಲ್ಲಿ, ಊರ ಪಂಪುಗಳೆಲ್ಲ ಓಡುವಾಗ, ಸೊರಗಿದ ವೋಲ್ಟೇಜಿನಲ್ಲೇ ಮಾಮಾ ಆಯುಷ್ಯವೆಲ್ಲ ಬಾರಿಸಿದ್ದ. ನಾವು ನಿತ್ಯ ಶಾಪ ಹಾಕುತ್ತಿದ್ದ ಮಂದ ಕರೆಂಟೇ ಆ ನಾದವನ್ನು ಮೆತ್ತಗೆ ಮಾಡಿತ್ತು. ಸ್ಟೆಬಿಲೈಜರ್ ಹಾಕಿ, ವೋಲ್ಟೇಜನ್ನು ಕುಗ್ಗಗೊಡದೆ ನಾನು ಕೊಂದದ್ದು ಅದನ್ನೇ. ಮಿಸ್ತ್ರಿ ಡಬ್ಬಿಯನ್ನು ಎಂಟು ದಿನ ಇಟ್ಟುಕೊಂಡು ಅದರ ಟ್ರಾನ್ಸ್‌ಫಾರ್ಮರನ್ನು ಹೊಸದಾಗಿ ಸುತ್ತಿ, ವಾರ್ನಿಶ್ ಕುಡಿಸಿದರು. ವಾಲ್ವು ಕಾಯಲು ಬೇಕಾದ ಕರೆಂಟ್ ಪೂರ್ತಿ, ದನಿಗೆ ಹೋಗುವುದು ಮಾತ್ರ ಬೇಕಾದಾಗ ಕಡಿಮೆ, ಅಂಥದೊಂದು ಏರ್ಪಾಟು. ಹೊರಗೊಂದು ಸ್ವಿಚ್. ಅದರ ಎರಡು ಬದಿಗೆ ‘ಪಂಪ್ ಚಾಲೂ’, ‘ಪಂಪ್ ಬಂದ್’ ಎಂದು ಬಿಳಿ ಬಣ್ಣದಲ್ಲಿ ಬರೆದದ್ದು ಮಾಮಾ, ಬಲಗೈಯಿಂದ, ಪಂಚಾಯತಿಯ ದುಂಡಗಿನ ಅಕ್ಷರದಲ್ಲಿ.

ಅಂದಿನಿಂದ ಪ್ರತಿ ಬುಧವಾರ ಮಾಮಾ ಐನಾಪುರದಿಂದ ಬಸ್ಸು ಹತ್ತಿ ಅಂಕಲಿಗೆ ಹೋಗತೊಡಗಿದ. ಭಜನೆ ಮೇಳದ ಸೆಟ್ಟು, ಹಾರ್ನಿನ ಸೆಟ್ಟು, ಹಳೆಯ ರೇಡಿಯೋ ಯಾವುದೇ ಬರಲಿ, ತಟ್ಟಿ ನೋಡುವುದು ಅವನ ಕೆಲಸ. ಏಳು ವರ್ಷ ಹೀಗೆ ನಡೆಯಿತು. ಟಾವೆಲ್ ಬೆವರು ಒರೆಸಲು ಮಾತ್ರ ಉಳಿಯಿತು. ಅವನು ತೀರಿಕೊಂಡ ಮೇಲೆ ಬಿದಿರಿನ ಪಟ್ಟಿಯನ್ನು ಮಿಸ್ತ್ರಿ ನನ್ನ ಕೈಗಿಟ್ಟರು, ಒಂದು ತುದಿ ಸವೆದು ನುಣ್ಣಗಾಗಿತ್ತು. ಈಗ ಮಿಸ್ತ್ರಿಯವರೂ ಇಲ್ಲ. ನನ್ನ ಮಾಮಾನನ್ನು ಏಳು ವರ್ಷದ ಮಟ್ಟಿಗೆ ಮರಳಿ ಕೊಟ್ಟವರಿಗೆ ನಾನು ಸರಿಯಾಗಿ ಒಂದು ಮಾತು ಹೇಳಲಿಲ್ಲ. ಅದನ್ನೇ ಈಗ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಭಾನುವಾರ ಬಾಗಿಲು ಒಣಗಿದ ಮೇಲೆ ಅಟ್ಟದಿಂದ ಡಬ್ಬಿ ಇಳಿಸಿದೆ. ಪಂಪಿನ ಲೈನು ಬೇರೆಯಾದಾಗಿನಿಂದ ನಮ್ಮ ಮನೆಯ ಕರೆಂಟು ಕುಗ್ಗುವುದಿಲ್ಲ. ಸ್ವಿಚ್ಚನ್ನು ‘ಪಂಪ್ ಚಾಲೂ’ ಕಡೆಗೆ ಒತ್ತಿದೆ. ವಾಲ್ವು ಕಾದವು, ಬಿಸಿ ವಾರ್ನಿಶಿನ ವಾಸನೆ ಎದ್ದಿತು, ಜೊತೆಗೆ ಚರಚರ. ಹಿಂಬದಿ ತೆಗೆದು, ಎಡಗೈ ಬೆನ್ನ ಹಿಂದಿಟ್ಟು, ಮಾಮಾನ ಪಟ್ಟಿಯಿಂದ ತಟ್ಟುತ್ತ ಹೋದೆ. ಸಡಿಲಿದ್ದದ್ದು ಐದನೆಯ ವಾಲ್ವು, ಅಷ್ಟೆ. ಕರೆಂಟ್ ತೆಗೆದು, ಆರಲು ಬಿಟ್ಟು, ಗಟ್ಟಿಯಾಗಿ ಕೂರಿಸಿ ಮತ್ತೆ ಚಾಲೂ ಮಾಡಿದೆ. ಡಬ್ಬಿ ಸುಮ್ಮನಾಯಿತು. ಬಲಗೈಯಿಂದ ಗಿಟಾರು ಎತ್ತಿಕೊಂಡು ಕುಳಿತೆ. ಕೈ ಇನ್ನೂ ಹಿಂದೆಯೇ ಇದೆಯಲ್ಲ ಎಂದು ಹೆಂಡತಿ ನಕ್ಕಳು. ಹೊರಗೆ ತೆಗೆದು, ತಂತಿಯ ಮೇಲಿಟ್ಟು, ಅವನದೂ ಸೇರಿಸಿ ಬಾರಿಸಿದೆ.