ಬಕೆಟ್ಟಿನ ಜ್ವರ

ಮಸ್ಕಿಯ ಬೇಸಿಗೆಯಲ್ಲಿ ಮನೆಯೊಳಗೆ ಬಿಯರ್ ಮಾಡಲು ಹೊರಟವನಿಗೆ ಬುದ್ಧಿ ಇಲ್ಲವೆಂದೇ ಅರ್ಥ. ನನಗೆ ಇರಲಿಲ್ಲ. ಲಿಂಗಸುಗೂರಿನ ಕಾಲೇಜೊಂದರಲ್ಲಿ ಪಾಠ ಹೇಳುವವನು ನಾನು. ಬಾರಿಗೆ ಹೋದರೆ ಪಕ್ಕದ ಟೇಬಲ್ಲಿನಿಂದ ನನ್ನದೇ ವಿದ್ಯಾರ್ಥಿ ಎದ್ದು "ನಮಸ್ಕಾರ್ರೀ ಸರ್" ಅನ್ನುತ್ತಾನೆ. ಹೆಂಡತಿ ಹೆರಿಗೆಗೆಂದು ಮುದಗಲ್ಲಿನ ತವರಿಗೆ ಹೋಗಿದ್ದಳು. ಮನೆಯಲ್ಲಿ ಅವ್ವ, ನಾನು ಇಬ್ಬರೇ. ಮೊಬೈಲಿನಲ್ಲಿ ವಿಡಿಯೊ ನೋಡಿ, ಸಾಮಾನು, ನಲ್ಲಿ ಕೂಡಿಸಿದ ಮುಚ್ಚಳದ ಬಕೆಟ್ಟು ತರಿಸಿ, ಕದ್ದುಮುಚ್ಚಿ ಶುರು ಮಾಡಿದೆ.

ಮೊದಲ ಸಲ ಬಕೆಟ್ಟನ್ನು ಮಂಚದ ಕೆಳಗೆ ಇಟ್ಟಿದ್ದೆ. ಬಿಯರ್ ಹುದುಗಿಸುವ ಯೀಸ್ಟಿಗೆ ಇಪ್ಪತ್ತು ಡಿಗ್ರಿಯ ತಂಪು ಬೇಕು, ಅದಕ್ಕಿಂತ ಕಾದರೆ ರುಚಿ ಹದಗೆಡುತ್ತದೆ. ನಮ್ಮ ಕೋಣೆಯಲ್ಲೋ, ಫ್ಯಾನಿನ ಕೆಳಗೆ ಕೂತರೂ ಒಲೆಯ ಮುಂದೆ ಕೂತ ಹಾಗಿತ್ತು. ಮುಚ್ಚಳ ತೆಗೆದಾಗ ಉಗುರಿಗೆ ಹಚ್ಚುವ ಬಣ್ಣದ ವಾಸನೆ ಬಂತು. ಎಲ್ಲವನ್ನೂ ಬಚ್ಚಲಿಗೆ ಸುರಿದೆ.

ಮನೆಯಲ್ಲಿ ತಂಪಾದ ಜಾಗವೆಂದರೆ ದೇವರ ಕೋಣೆ. ಕಿಟಕಿ ಇಲ್ಲ, ಗೋಡೆ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಅವ್ವ ದಿನವೂ ಲಿಂಗಪೂಜೆಗೆ ಕೂಡುವುದು ಅಲ್ಲಿಯೇ. ಎರಡನೆಯ ಬಕೆಟ್ಟನ್ನು ಅಲ್ಲಿಡಬಹುದಲ್ಲ ಎಂದು ಹೊಳೆದಾಗ ಒಂದು ಗಳಿಗೆ ಹಿಂದೆಮುಂದೆ ನೋಡಿದೆ. ಅದಕ್ಕಿಂತ ಹೆಚ್ಚು ನೋಡಿದೆ ಎಂದು ಬರೆದರೆ ಸುಳ್ಳಾಗುತ್ತದೆ.

"ಏನಪ್ಪಾ ಅದು?" ಎಂದು ಅವ್ವ ಕೇಳಿದಳು.

"ಬಾರ್ಲಿ ಕಷಾಯ ಬೇ. ಹಳ್ಳು ಕರಗಾಕ."

ಹಿಂದಿನ ಬೇಸಿಗೆಯಲ್ಲಿ ನನ್ನ ಕಿಡ್ನಿಯಲ್ಲಿ ಹಳ್ಳು, ಅಂದರೆ ಕಲ್ಲು ಆಗಿ, ಸಿಂಧನೂರಿನ ದವಾಖಾನೆಯಲ್ಲಿ ನಾನು ನೆಲದ ಮೇಲೆ ಹೊರಳಾಡಿದ್ದನ್ನು ಅವಳು ನೋಡಿದ್ದಳು. ಅಂದಿನಿಂದ ಅವಳಿಗೆ ಬಾರ್ಲಿ ನೀರೆಂದರೆ ತೀರ್ಥ. ಬಕೆಟ್ಟಿನಲ್ಲಿ ಬಾರ್ಲಿ ಇದ್ದದ್ದು ಖರೆ, ಕುದಿಸಿದ್ದೂ ಖರೆ, ಹಾಗಾಗಿ ಹೇಳಿದ್ದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕಕ್ಷರ ಕಲಿತವನ ಚಾಲಾಕಿ ಇದು.

"ಇದು ಕಾಯಬಾರದು ಬೇ. ಹಸಿ ಅರಿವಿ ಸುತ್ತಿ, ಆರಿದಂಗೆಲ್ಲಾ ನೀರ ಚಿಮುಕಸಬೇಕು. ನಾ ಹಗಲೆಲ್ಲಾ ಲಿಂಗಸುಗೂರಾಗ ಇರ್ತೀನಿ."

"ನೀ ಹೋಗು. ನಾ ಅದೀನಲ್ಲ," ಅಂದಳು.

ಉಷ್ಣತೆ ತೋರಿಸುವ ಪಟ್ಟಿಯೊಂದನ್ನು ಬಕೆಟ್ಟಿನ ಹೊಟ್ಟೆಗೆ ಅಂಟಿಸಿದ್ದೆ. ಅದರ ಸಣ್ಣ ಅಂಕಿಗಳು ಅವಳ ಕಣ್ಣಿಗೆ ಹತ್ತಲಿಲ್ಲ. ಕೂಸಿನ ಹಣೆ ಮುಟ್ಟುವ ಹಾಗೆ ಮುಂಗೈಯಿಂದ ಮುಟ್ಟಿ ನೋಡುತ್ತಿದ್ದಳು. ಮರುದಿನವೇ ಕಾಲೇಜಿಗೆ ಅವಳ ಫೋನು ಬಂತು.

"ತಮ್ಮಾ, ಇದಕ್ಕ ಜ್ವರ ಬಂದಾವ. ಕೋಣಿ ತಣ್ಣಗೈತಿ, ಇದರ ಮೈ ಕಾದೈತಿ. ಒಳಗ ಗುಳುಗುಳು ಅನ್ನಾಕತ್ತೈತಿ."

ಹುದುಗುವಾಗ ಒಳಗಿನಿಂದಲೇ ಶಾಖ ಹುಟ್ಟುತ್ತದೆ ಎಂದು ವಿಡಿಯೊದಲ್ಲಿ ಹೇಳಿದ್ದರು, ನಾನು ಮರೆತಿದ್ದೆ. ಜ್ವರ ಇಳಿಯಲು ಫ್ರಿಜ್ಜಿನಲ್ಲಿ ನೀರಿನ ಬಾಟಲಿ ಐಸು ಮಾಡಿ ಸುತ್ತಲೂ ಇಡು ಅಂದೆ. ಪಕ್ಕದ ಕುರ್ಚಿಯ ಸಹೋದ್ಯೋಗಿ, "ಯಾರಿಗ್ರೀ ಜ್ವರಾ?" ಎಂದು ಕೇಳಿದರು. ಮನೆಯಲ್ಲಿ ಒಬ್ಬರಿಗೆ ಎಂದು ತಲೆ ತಗ್ಗಿಸಿದೆ.

ಸಂಜೆ ಬಂದು ನೋಡಿದರೆ ಬಕೆಟ್ಟು ಅಗಲವಾದ ನೀರಿನ ಟಬ್ಬಿನಲ್ಲಿ ನಿಂತಿತ್ತು. ಅದಕ್ಕೆ ಸುತ್ತಿದ್ದು ನಾನು ಕೊಟ್ಟ ಟವೆಲ್ ಅಲ್ಲ, ಅವಳು ಪೂಜೆಗೆಂದೇ ಉಡುವ ಮಡಿಸೀರೆ. ಮುಚ್ಚಳದ ಕೆಳಗೆ ಮೂರು ಬೆರಳಿನ ವಿಭೂತಿ ಎಳೆದಿದ್ದಳು.

"ಔಷಧ ಅಲ್ಲೇನು, ಮೈಗೆ ಹತ್ತಬೇಕಲ್ಲ," ಅಂದಳು.

ಪಟ್ಟಿ ಹತ್ತೊಂಬತ್ತು ತೋರಿಸುತ್ತಿತ್ತು. ವಿಭೂತಿ ನೋಡಿ ನಾಚಿಕೆಯಾಯಿತು, ಹತ್ತೊಂಬತ್ತು ನೋಡಿ ಖುಷಿಯಾಯಿತು. ಆ ಖುಷಿ ನೆನೆದರೆ ಈಗ ನನ್ನ ಮುಖಕ್ಕೆ ನಾನೇ ಉಗುಳಿಕೊಳ್ಳಬೇಕು ಅನ್ನಿಸುತ್ತದೆ. ಅವ್ವ ಮಧ್ಯಾಹ್ನದ ನಿದ್ದೆ ಬಿಟ್ಟಳು. ಕರೆಂಟು ಹೋದರೆ ಬೀಸಣಿಗೆ ಹಿಡಿದು ಅದರ ಮಗ್ಗುಲಲ್ಲೇ ಕೂಡುತ್ತಿದ್ದಳು. ನಾನು ಸಂಜೆಗೆ ಬಂದು, ಮೊದಲು ಬಕೆಟ್ಟಿನ ಪಟ್ಟಿ ನೋಡಿ, ಆಮೇಲೆ ಅವ್ವನ ಮುಖ ನೋಡುತ್ತಿದ್ದೆ.

ಗುಳುಗುಳು ನಿಂತ ಮೇಲೆ ಒಂದು ಸೋಮವಾರ. ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟಿದ್ದೆ. ಪಡಸಾಲೆಯಲ್ಲಿ ಅಯ್ಯನವರು ಕೂತಿದ್ದರು. ನನ್ನ ಕೊರಳಿಗೆ ಲಿಂಗ ಕಟ್ಟಿದ, ವಾರ ವಾರ ಭಿಕ್ಷೆಗೆ ಬರುವ ಜಂಗಮರು. ಅವ್ವ ಅವರ ಪಾದಕ್ಕೆ ನೀರೆರೆದು, ದೇವರ ಕೋಣೆಗೆ ಹೋಗಿ, ಬಕೆಟ್ಟಿನ ನಲ್ಲಿ ತಿರುವಿ ಬೆಳ್ಳಿ ಲೋಟ ತುಂಬಿಕೊಂಡು ಬಂದಳು.

"ನಿಮಗೂ ಹಳ್ಳಿನ ತ್ರಾಸ ಐತೆಲ್ರೀ. ನನ್ನ ಮಗ ಬಾರ್ಲಿ ಔಷಧ ಮಾಡ್ಯಾನ. ಮನ್ಯಾಗ ಯಾರೂ ಬಾಯಿಗೆ ಹಚ್ಚಿಲ್ರೀ. ಮೊದಲ ನಿಮಗ ಅಂತ ಇಟ್ಟೀನಿ."

ನಮ್ಮಲ್ಲಿ ಹೊಸದಾಗಿ ಏನೇ ಮಾಡಿದರೂ ಮೊದಲು ಜಂಗಮರಿಗೆ. ಹುಟ್ಟಿದಾಗಿನಿಂದ ನೋಡಿದ ಪದ್ಧತಿ, ಆದರೂ ನನ್ನ ತಲೆಗೆ ಬಂದಿರಲಿಲ್ಲ. ನಾನು ಬಾಯಿಬಿಟ್ಟರೆ ಅವ್ವ ಅಯ್ಯನವರ ಎದುರಿಗೇ ದೇವರ ಕೋಣೆಯಲ್ಲಿ ಹೆಂಡ ಸಾಕಿದವಳಾಗುತ್ತಾಳೆ. ಸುಮ್ಮನಿದ್ದರೆ ಕೈಯಾರೆ ಅವರಿಗೆ ಹೆಂಡ ಕುಡಿಸಿದವಳಾಗುತ್ತಾಳೆ. ಅಯ್ಯನವರು ಕೈ ಚಾಚಿದರು.

ನಾನು ಲೋಟ ಕಿತ್ತುಕೊಂಡು ಗಟಗಟ ಕುಡಿದುಬಿಟ್ಟೆ.

ಚೆನ್ನಾಗಿತ್ತು. ತಣ್ಣಗೆ, ಹದವಾಗಿ, ಒಂದಿಷ್ಟೂ ಕೆಟ್ಟ ವಾಸನೆ ಇಲ್ಲದೆ. ಅಂಥ ಹೊತ್ತಿನಲ್ಲೂ ನನ್ನ ನಾಲಿಗೆ ಅದನ್ನು ಗುರುತಿಸಿತು.

ಅವ್ವ ದನಿ ಏರಿಸಲಿಲ್ಲ. ಬಾಗಿ ಅಯ್ಯನವರ ಪಾದ ಹಿಡಿದಳು. "ತಪ್ಪಾತ್ರೀ. ನನಗ ಮಗನ್ನ ಬೆಳಸಾಕ ಬರಲಿಲ್ಲ."

"ಇರ್ಲಿ ಬಿಡವಾ, ನೀರಡಿಸಿರಬೇಕು," ಎಂದು ಅಯ್ಯನವರು ನನ್ನ ಹಣೆಗೆ ವಿಭೂತಿ ಹಚ್ಚಲು ಹತ್ತಿರ ಕರೆದರು. ಬಾಯಿಯ ವಾಸನೆ ಅವರಿಗೆ ಬಡಿಯಬಾರದೆಂದು ಉಸಿರು ಬಿಗಿಹಿಡಿದು ತಲೆ ಬಾಗಿಸಿದೆ. ಭಕ್ತಿ ಎಂದು ತಿಳಿದಿರಬೇಕು, ಪಾಪ.

ಅವರು ಹೋದ ಮೇಲೆ ಬಸ್ಸಿನ ಗೊಡವೆ ಬಿಟ್ಟು, ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋಗಿ ಬೇವಿನ ಬುಡಕ್ಕೆ ಸುರಿದೆ. ಸದ್ದು ಕೇಳಿ ಅವ್ವ ಬಂದಳು. ಎಲ್ಲವನ್ನೂ ಹೇಳಿಬಿಡಬೇಕೆಂದೇ ಬಾಯಿ ತೆರೆದಿದ್ದೆ.

"ಯಾಕ ಚೆಲ್ಲಿದಿ?"

"ಕೆಟ್ಟಿತ್ತು ಬೇ."

ಅವಳು ಖಾಲಿ ಬಕೆಟ್ಟನ್ನು ಮುಂಗೈಯಿಂದ ಮುಟ್ಟಿ ನೋಡಿದಳು. "ಅದಕ್ಕ ನೀ ಅಯ್ಯನೋರಿಗೆ ಕುಡಿಯಗೊಡಲಿಲ್ಲ. ನಾ ಸುಮ್ಮನ ನಿನ್ನ ಅಂದೆ." ಆಮೇಲೆ ಬಕೆಟ್ಟಿನ ಮೈಮೇಲಿಂದ ಮಡಿಸೀರೆ ಬಿಚ್ಚುತ್ತಾ, ನನ್ನ ಕಡೆ ನೋಡದೆ ಹೇಳಿದಳು: "ಮೊನ್ನಿ ಮಧ್ಯಾಹ್ನ ಕುಂತಲ್ಲೇ ಜೋಂಪು ಹತ್ತಿತ್ತಪ್ಪ ನನಗ. ಎದ್ದು ನೋಡಿದ್ರ ಸೀರಿ ಆರಿತ್ತು. ಆವಾಗ ಕಾದೈತಿ ಅದು. ನಿನಗ ಹೇಳಾಕ ನಾಚಿಕಿ ಆಗಿ ಸುಮ್ಮನಿದ್ದೆ."

ಸೀರೆಯ ಒಂದು ತುದಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಹಿಂಡಿದೆವು.

"ಇನ್ನೊಮ್ಮೆ ಮಾಡು. ಈ ಸಲ ನಾ ಕಣ್ಣು ಮುಚ್ಚಂಗಿಲ್ಲ."

ಹೂಂ ಬೇ, ಅಂದೆ.