ಕಳ್ಳಮಾಲಿಗೆ ನಮ್ಮತ್ತೆ ಹಿಡಿದ ಹದ

ನಮ್ಮತ್ತೆ ನನ್ನ ಮುಖ ನೋಡಿ ನೇರವಾಗಿ ಮಾತಾಡಿದ್ದು ಮದುವೆಯಾಗಿ ಒಂಬತ್ತು ವರ್ಷ ಕಳೆದ ಮೇಲೆ. ಅದೂ ಪೊಲೀಸರು ಅಟ್ಟಿಸಿಕೊಂಡು ಬಂದ ದಿನ. ಪೊಲೀಸರು ಲ್ಯಾಪ್‌ಟಾಪಿನ ಒಳಗಿನವರು, ಓಡುತ್ತಿದ್ದವನು ನಾನು. ಆ ಕತೆಗೆ ಬರುವ ಮುಂಚೆ ಅತ್ತೆ ನಮ್ಮ ಮನೆಯಲ್ಲಿ ಬಂದು ಇರಬೇಕಾದದ್ದು ಯಾಕೆ ಅನ್ನುವುದನ್ನು ಹೇಳಿಬಿಡುತ್ತೇನೆ.

ಅತ್ತೆಯದು ಪಿರಿಯಾಪಟ್ಟಣದ ಕಡೆಯ ಹಳ್ಳಿ. ಹೊಗೆಸೊಪ್ಪು ಬ್ಯಾರನ್ ಅನ್ನುವ ಕಾವಿನ ಮನೆಯಲ್ಲಿ ಬೆಂದು ಹಳದಿಯಾಗಿ ಇಳಿದ ಮೇಲೆ ಅದನ್ನು ಒಂದೊಂದೇ ಎಲೆ ನೋಡಿ ಬ್ರೈಟು, ಮೀಡಿಯಂ, ಲೋ ಅಂತ ಮೂರು ಗುಡ್ಡೆ ಮಾಡಬೇಕು. ಹರಾಜಿನಲ್ಲಿ ಬೆಲೆ ನಿಲ್ಲುವುದು ಆ ಗುಡ್ಡೆಗಳ ಮೇಲೆ. ಈ ಕೆಲಸ ಮಾಡುವ ಎಂಟು ಹೆಂಗಸರ ಗುಂಪಿಗೆ ಅತ್ತೆಯೇ ಹಿರಿಯರು, ಉಳಿದವರೆಲ್ಲ ಅವರ ಪಕ್ಕದಲ್ಲಿ ಕೂತೇ ಕಲಿತವರು. ಅನುಮಾನದ ಎಲೆಯನ್ನು ಯಾರಾದರೂ ಎತ್ತಿ ಹಿಡಿದರೆ ಅತ್ತೆ ಒಂದು ಸಲ ನೋಡಿ ಗುಡ್ಡೆಯ ಹೆಸರು ಹೇಳುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅವರಿಗೆ ಹೊಲ ಇಲ್ಲ, ಓದು ಇಲ್ಲ. ಇದ್ದದ್ದು ಆ ಕಣ್ಣೊಂದೇ, ಅದರ ಹೆಮ್ಮೆಯೊಂದೇ.

ಆ ಕಣ್ಣಿಗೆ ಪೊರೆ ಬಂದಿತ್ತು. ಒಂದಕ್ಕಲ್ಲ, ಎರಡಕ್ಕೂ. ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹಬ್ಬಕ್ಕೆ ಬಂದವರು ನಮ್ಮ ಸಾರಿಗೆ ಉಪ್ಪಿನ ಬದಲು ಸಕ್ಕರೆ ಸುರಿದಾಗ ನನ್ನ ಹೆಂಡತಿಗೆ ಗೊತ್ತಾಯಿತು. ಬೈದು, ಅತ್ತು, ಮೈಸೂರಿಗೆ ಕರೆದುಕೊಂಡು ಹೋಗಿ ಮೊದಲು ಬಲಗಣ್ಣಿಗೆ ಆಪರೇಷನ್ ಮಾಡಿಸಿದೆವು. ಎಡಗಣ್ಣಿಗೆ ಇನ್ನೊಂದು ಸಲ ಬನ್ನಿ ಅಂದರು.

ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ನೋಡಿದ್ದು ಮಗಳ ಸೀರೆಯನ್ನು. "ಹಳದಿ ಅಂದ್ರೆ ಇಷ್ಟೊಂದು ಹಳದಿಯಾ ಮಗ?" ಅಂದರು. ನಾವು ನಕ್ಕೆವು. ಅವರು ನಗಲಿಲ್ಲ. ಹುಣಸೂರಿಗೆ ಬರುವ ಬಸ್ಸಿನಲ್ಲಿ ಉದ್ದಕ್ಕೂ ಒಂದು ಸಲ ಈ ಕಣ್ಣು, ಒಂದು ಸಲ ಆ ಕಣ್ಣು ಮುಚ್ಚಿಕೊಂಡು ಆ ಸೀರೆಯ ಸೆರಗನ್ನೇ ನೋಡುತ್ತಾ ಬಂದರು. ಮನೆಗೆ ಬಂದು ಕಾಫಿ ಲೋಟ ಕೆಳಗಿಟ್ಟು, "ಅಂಗಾದ್ರೆ ನಾನು ಇಷ್ಟು ದಿನ ಬ್ರೈಟು ಅಂತ ಆರಿಸ್ತಿದ್ದದ್ದು ಯಾವ ಹಳದೀನಾ?" ಅಂದರು. ಮತ್ತೆ ಆ ಜಾಗದಲ್ಲಿ ಕೂತು ಎಲೆ ಆರಿಸಲು ತನಗೆ ಆಗುತ್ತದೋ ಇಲ್ಲವೋ ಅನ್ನುವ ಭಯ ಅವತ್ತು ಅವರ ಮೈಗೆ ಹತ್ತಿಕೊಂಡಿತು. ಅದರ ಮೇಲೆ ಡಾಕ್ಟರು ಒಂದು ತಿಂಗಳು ಹೊಗೆ ಬೇಡ, ಧೂಳು ಬೇಡ ಅಂದಿದ್ದರು. ಹೊಗೆಸೊಪ್ಪಿನ ಊರಲ್ಲಿ ಅವೆರಡನ್ನು ಬಿಟ್ಟು ಇನ್ನೇನಿರುತ್ತದೆ? ಹಾಗಾಗಿ ಸುಗ್ಗಿಯ ಕೆಲಸ ಬಿಟ್ಟು ಒಂದು ತಿಂಗಳು ನಮ್ಮ ಮನೆಯಲ್ಲೇ ಉಳಿದರು.

ನಮ್ಮ ಕಡೆ ಅತ್ತೆಯಾದವರು ಅಳಿಯನ ಎದುರು ಕೂರುವುದಿಲ್ಲ, ಎದುರು ನಿಂತು ಮಾತಾಡುವುದೂ ಇಲ್ಲ. ಏನಿದ್ದರೂ ಮಗಳ ಮೂಲಕ. ಒಂದೇ ಕೋಣೆಯಲ್ಲಿ ನಾನೂ ಇದ್ದರೂ "ಅಳಿಯಂದ್ರಿಗೆ ಇನ್ನೊಂದು ಮುದ್ದೆ ಬೇಕಾ ಕೇಳು ಮಗ" ಅನ್ನುತ್ತಾರೆ. ಅವಳು ನನ್ನನ್ನು ಕೇಳುತ್ತಾಳೆ. ನಾನು ಅವಳಿಗೆ ಹೇಳುತ್ತೇನೆ. ಅವಳು ಅವ್ವನಿಗೆ ಹೇಳುವಷ್ಟರಲ್ಲಿ ಮುದ್ದೆ ಆರಿರುತ್ತದೆ.

ಮನೆಯ ಕೆಳಗೇ ನನ್ನ ಜೆರಾಕ್ಸ್ ಅಂಗಡಿ. ಮಧ್ಯಾಹ್ನ ಶಟರ್ ಎಳೆದು ಊಟ ಮಾಡಿ ಒಂದು ಗಂಟೆ ಲ್ಯಾಪ್‌ಟಾಪಿನಲ್ಲಿ ಆಟ ಆಡುವುದು ನನ್ನ ಚಟ. ಆಗ ನಾನು ಹಿಡಿದಿದ್ದದ್ದು ಒಂದು ಕಳ್ಳದಂಧೆಯ ಆಟ. ಗುರುತಿಲ್ಲದ ಊರಿಗೆ ಬರಿಗೈಲಿ ಬಂದಿಳಿಯುತ್ತೀರಿ. ಬಾಡಿಗೆ ಕೋಣೆಯಲ್ಲಿ ಕುಂಡ ಇಟ್ಟು ಗಾಂಜಾ ಬೆಳೆಯುತ್ತೀರಿ. ಆ ಸೊಪ್ಪಿಗೆ ಅಂಗಡಿಯಲ್ಲಿ ಸಿಗುವ ಬಾಳೆಹಣ್ಣೋ, ಕೆಮ್ಮಿನ ಸಿರಪ್ಪೋ, ಮೆಣಸೋ, ಬ್ಯಾಟರಿಯೋ ಬೆರೆಸಿ ಹೊಸ ಮಾಲು ಮಾಡಿ ಪೊಲೀಸರ ಕಣ್ಣು ತಪ್ಪಿಸಿ ಮಾರುತ್ತೀರಿ. ಒಂದೊಂದು ಸಾಮಾನು ಬೆರೆಸಿದಾಗಲೂ ಮಾಲಿಗೆ ಒಂದೊಂದು ಗುಣ ಬರುತ್ತದೆ. ಒಂದನ್ನು ಸೇದಿದವನ ಕೂದಲು ನೆಟ್ಟಗಾಗುತ್ತದೆ, ಇನ್ನೊಂದನ್ನು ಸೇದಿದವನು ಗಾಳಿಯಲ್ಲಿ ತೇಲುತ್ತಾನೆ. ಗುಣಕ್ಕೆ ತಕ್ಕ ಬೆಲೆ. ಎಲ್ಲ ಸುಳ್ಳು ಸೊಪ್ಪು, ಸುಳ್ಳು ದುಡ್ಡು. ಆದರೆ ಎರಡು ತಿಂಗಳಿಂದ ಆ ಆಟದಲ್ಲಿ ನಾನು ನಷ್ಟದಲ್ಲೇ ಮುಳುಗುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಆ ಎರಡು ತಿಂಗಳಲ್ಲಿ ಎರಡು ಮೌಸ್ ಒಡೆದಿದ್ದೆ.

ಬೇಜಾರು ಕಳೆಯಲಿ ಅಂತ ಅತ್ತೆ ಬಾಗಿಲ ಹತ್ತಿರ ನೆಲದ ಮೇಲೆ, ಕಪ್ಪು ಕನ್ನಡಕ ಹಾಕಿಕೊಂಡು ಕೂರುತ್ತಿದ್ದರು. ಟಿವಿ ನೋಡಬಹುದು ಅಂತ ಡಾಕ್ಟರು ಹೇಳಿದ್ದರು, ಲ್ಯಾಪ್‌ಟಾಪೂ ಒಂದು ಟಿವಿಯೇ ಅಂತ ನಾನು ಹೆಂಡತಿಯ ಹತ್ತಿರ ವಾದಿಸಿದ್ದೆ. ಮೂರನೆಯ ದಿನ ಅತ್ತೆ ಕೇಳಿದರು, "ಅದು ಯಾವ ಸೊಪ್ಪು ಮಗ?"

"ಗಾಂಜಾ ಕಣವ್ವ" ಅಂದಳು ಹೆಂಡತಿ.

"ಶಿವ ಶಿವಾ!" ಅಂದವರು ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಒಣಗ್ಸೋದು ಸರಿಯಾಗಿ ಒಣಗ್ಸಿಲ್ಲ, ಹೇಳು ಅವ್ರಿಗೆ" ಅಂದರು. ಅದು ನಿಜವಾಗಿತ್ತು. ಆತುರಕ್ಕೆ ನಾನು ಅರ್ಧಕ್ಕೇ ಇಳಿಸುತ್ತಿದ್ದೆ, ಮಾಲಿನ ದರ್ಜೆ ಬೀಳುತ್ತಿತ್ತು.

ಅದೇ ವಾರ ನನ್ನ ಮಾಲೊಂದಕ್ಕೆ ಇದ್ದಕ್ಕಿದ್ದಂತೆ ಮೂರು ಪಟ್ಟು ಬೆಲೆ ಬಂತು. ಕುಣಿದಾಡಿಬಿಟ್ಟೆ. ಅತ್ತೆ ಮಗಳ ಕೈಲಿ ಕೇಳಿಸಿದರು, "ಮೊದ್ಲು ಯಾವ್ದು ಹಾಕಿದ್ರು? ಆಮೇಲೆ ಯಾವ್ದು?" ನನಗೆ ನೆನಪಿರಲಿಲ್ಲ. ಐದು ಸಾಮಾನು ಕಣ್ಣು ಮುಚ್ಚಿ ಸುರಿದಿದ್ದೆ. ಅವೇ ಐದನ್ನು ಮತ್ತೆ ಸುರಿದೆ, ಮಾಲು ಮಣ್ಣುಪಾಲಾಯಿತು. ಆ ಆಟದಲ್ಲಿ ಹಿಂದೆ ಹಾಕಿದ್ದರ ಗುಣವನ್ನು ಮುಂದೆ ಹಾಕಿದ್ದು ಬದಲಾಯಿಸಿಬಿಡುತ್ತದೆ. ಬಾಳೆಹಣ್ಣಿನ ಮೇಲೆ ಸಿರಪ್ ಸುರಿದರೆ ಒಂದು, ಸಿರಪ್ಪಿನ ಮೇಲೆ ಬಾಳೆಹಣ್ಣು ಹಾಕಿದರೆ ಬೇರೊಂದು. ಎರಡು ತಿಂಗಳು ಆಡಿದ ನನಗೆ ಹೊಳೆಯದ ಈ ಮಾತು ಅತ್ತೆಗೆ ಹತ್ತು ನಿಮಿಷಕ್ಕೆ ಹೊಳೆಯಿತು. "ಎಲ್ಲಾನೂ ಒಟ್ಟಿಗೆ ಬದ್ಲಾಯಿಸಿದ್ರೆ ಯಾವ್ದರಿಂದ ಏನಾಯ್ತು ಅಂತ ಯಾವ ದೇವ್ರಿಗೂ ಗೊತ್ತಾಗಕಿಲ್ಲ. ಒಂದೇ ಒಂದ ಬದ್ಲಾಯಿಸಿ ನೋಡಕ್ಕೇಳು ಮಗ."

ಮಾರನೆಯ ದಿನ ಅಡುಗೆಮನೆಯಿಂದ ಮೊರ ಬಂತು. ಬಾಳೆಹಣ್ಣಿಗೆ ಅವರೆಕಾಳು, ಸಿರಪ್ಪಿಗೆ ಹುರುಳಿ, ಬ್ಯಾಟರಿಗೆ ಕಪ್ಪು ಉದ್ದು, ಮೆಣಸಿಗೆ ಮೆಣಸೇ, ಹೀಗೆ ಒಂದೊಂದು ಸಾಮಾನಿಗೆ ಒಂದೊಂದು ಕಾಳು. ನಾನು ಯಾವ ಕ್ರಮದಲ್ಲಿ ಬೆರೆಸುತ್ತೇನೋ ಆ ಕ್ರಮದಲ್ಲಿ ಮೊರದ ಮೇಲೆ ಕಾಳಿನ ಸಾಲು ಬೀಳುತ್ತಿತ್ತು. ಬೆಲೆ ಬಂದರೆ ಸಾಲು ಮೇಲಕ್ಕೆ ಹೋಗುತ್ತಿತ್ತು, ಬರದಿದ್ದರೆ ಅಂಗೈಯಲ್ಲಿ ಬಳಿದು ಡಬ್ಬಕ್ಕೆ. ಹೊಸ ಸಾಲಿನಲ್ಲಿ ಬದಲಾಗುತ್ತಿದ್ದದ್ದು ಒಂದೇ ಕಾಳು. ನಾನು ತಾಳ್ಮೆ ಕೆಟ್ಟು ಎರಡು ಬದಲಾಯಿಸಲು ಹೋದರೆ ಬಾಗಿಲ ಕಡೆಯಿಂದ ಒಂದು ಕೆಮ್ಮು ಕೇಳುತ್ತಿತ್ತು. ಆ ಕೆಮ್ಮನ್ನು ಮಗಳು ಬಿಡಿಸಿ ಹೇಳಬೇಕಾಗಿರಲಿಲ್ಲ.

ಎರಡು ವಾರಕ್ಕೆ ಮೊರದ ಮೇಲೆ ಎಂಟು ಕಾಳಿನ ಒಂದು ಸಾಲು ನಿಂತಿತು. ಆಟದಲ್ಲಿ ನಾನು ಅಷ್ಟು ಬೆಲೆಯ ಮಾಲನ್ನು ನೋಡಿಯೇ ಇರಲಿಲ್ಲ. ಅಷ್ಟಕ್ಕೆ ಸಾಕು ಅಂದುಕೊಂಡೆ. ಅತ್ತೆಗೆ ಸಾಕಾಗಲಿಲ್ಲ. ಆ ಸಾಲಿನಿಂದ ಒಂದೊಂದೇ ಕಾಳು ತೆಗೆಸುತ್ತಾ ಬಂದರು. ಬ್ಯಾಟರಿ ತೆಗೆದರೆ ಬೆಲೆ ಒಂಚೂರು ಇಳಿಯಿತು, ಆದರೆ ಬ್ಯಾಟರಿ ಕೊಳ್ಳುವ ಖರ್ಚು ಪೂರಾ ಉಳಿಯಿತು. "ಇದು ತಿನ್ನೋದು ಜಾಸ್ತಿ, ಕೊಡೋದು ಕಮ್ಮಿ. ತೆಗ್ಸಿಬುಡು ಮಗ." ಕೊನೆಗೆ ಉಳಿದದ್ದು ನಾಲ್ಕು ಕಾಳು. ಲಾಭದಲ್ಲಿ ಆ ನಾಲ್ಕು ಎಂಟನ್ನು ಎತ್ತಿ ಬಿಸಾಡುವಂತಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಇಂಟರ್‌ನೆಟ್ಟಿನಲ್ಲಿ ಯಾರೋ ಹಾಕಿದ ಪಟ್ಟಿ ನೋಡಿ ಆಡುವ ನಮ್ಮಂಥವರ ಮಧ್ಯೆ ಈಕೆ ಮೊರ ಹಿಡಿದು ತನ್ನ ಪಟ್ಟಿಯನ್ನು ತಾನೇ ಕಂಡುಹಿಡಿದಿದ್ದರು.

ಆಟದೊಳಗಿನ ಗಿರಾಕಿಗಳನ್ನೂ ಬೇರ್ಪಡಿಸಿದರು. ಸೊಟ್ಟ ಟೋಪಿಯವನಿಗೆ 'ಕೋಟೆ ಬಸ್ಸಿನ ಕಂಡಕ್ಟ್ರು' ಅಂತ ಹೆಸರಿಟ್ಟರು, ದಪ್ಪ ಹೆಂಗಸಿಗೆ 'ಕೆ.ಆರ್. ನಗರದ ಅಕ್ಕಿ ಅಂಗಡಿಯಮ್ಮ' ಅಂತ. ಯಾರಿಗೆ ಯಾವ ಮಾಲು ಹಿಡಿಸಿತು, ಯಾರು ಮುಖ ತಿರುಗಿಸಿದರು, ಎಲ್ಲ ನೆನಪಿರುತ್ತಿತ್ತು. ಒಂದು ದಿನ ಅರೆಬರೆ ಒಣಗಿದ ಮಾಲನ್ನು ಕುಡುಕನೊಬ್ಬನಿಗೆ ದಾಟಿಸಲು ಹೋದೆ. ಅವತ್ತು ಸಂಜೆಯವರೆಗೂ ಅತ್ತೆ ಕೆಮ್ಮಲೂ ಇಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಹೆಂಡತಿ ಸಂದೇಶ ತಂದಳು: "ಕಳ್ಳಮಾಲು ಆದ್ರೂ ಲೋ ಲೋನೇ, ಬ್ರೈಟು ಬ್ರೈಟೇ ಅಂತೆ."

ಪೊಲೀಸರು ಬಂದದ್ದು ಅದಾದ ಮೇಲಿನ ಭಾನುವಾರ. ಹೆಂಡತಿ ನಲ್ಲಿ ನೀರು ಹಿಡಿಯಲು ಹೋಗಿದ್ದಳು. ಆಟದಲ್ಲಿ ನನ್ನ ಚೀಲದ ತುಂಬ ಆ ನಾಲ್ಕು ಕಾಳಿನ ಮಾಲಿತ್ತು. ನಾನು ಮೊಬೈಲಿನ ಕಡೆ ತಿರುಗಿದ್ದೆ. "ಹಿಂದೆ ಬಂದ್ರು ಕಣ್ರೀ! ಓಡ್ರೀ, ಗೋಡೆ ಹಾರ್ರೀ!" ಅಂತ ಕಿರುಚಿದವರು ಯಾರು ಅಂತ ನೋಡಿದರೆ ಅತ್ತೆ. ಎದ್ದು ನನ್ನ ಕುರ್ಚಿಯ ಪಕ್ಕಕ್ಕೇ ಬಂದುಬಿಟ್ಟಿದ್ದರು. ಗೋಡೆ ಹಾರಿದೆ, ಮಾಲು ಉಳಿಯಿತು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ನೀರು ತಂದ ಹೆಂಡತಿ ಕೊಡ ಇಳಿಸುವುದನ್ನೂ ಮರೆತು ನಿಂತಳು. ಅಂದಿನಿಂದ ಮಧ್ಯಾಹ್ನದ ಆಟದಲ್ಲಿ ನಮಗೆ ಮಧ್ಯಸ್ಥರು ಬೇಕಾಗಲಿಲ್ಲ.

ತಿಂಗಳು ಮುಗಿಯುತ್ತಾ ಬಂದ ಹಾಗೆ ಅತ್ತೆ ಮತ್ತೆ ಮಂಕಾದರು. ಕನ್ನಡಕ ಸರಿಸಿ ಗೋಡೆ, ನಿಂಬೆಹಣ್ಣು, ಅರಿಶಿನದ ಡಬ್ಬಿ ನೋಡುತ್ತಿದ್ದರು. "ಆಟ ಬುಡಿ. ಇಲ್ಲಿ ತಪ್ಪಾದ್ರೆ ಇನ್ನೊಂದು ಸಲ ಬೆರೆಸ್ತೀವಿ. ಅಲ್ಲಿ ನನ್ನ ಮಾತು ನಂಬ್ಕೊಂಡು ಜನ ಹರಾಜಿಗೆ ಸೊಪ್ಪಿನ ಬೇಲು ಕಟ್ತಾರೆ" ಅಂದರು.

ಡಾಕ್ಟರು ಒಪ್ಪಿದ ಮೇಲೆ ನಾನೂ ಹೆಂಡತಿಯೂ ಅತ್ತೆಯನ್ನು ಊರಿಗೆ ಕರೆದುಕೊಂಡು ಹೋದೆವು. ಶೆಡ್ಡಿನಲ್ಲಿ ಏಳೂ ಹೆಂಗಸರು ಕೂತು ಎಲೆ ಆರಿಸುತ್ತಿದ್ದರು. ಬೆಳಕಿನ ಕಡೆಯ ಅತ್ತೆಯ ಜಾಗ ಖಾಲಿ ಇತ್ತು, ಯಾರೂ ಕೂತಿರಲಿಲ್ಲ. ಅತ್ತೆ ಅಲ್ಲಿಗೆ ಹೋಗಲಿಲ್ಲ. ಊರಿಂದ ಹೊರಡುವ ಹಿಂದಿನ ದಿನ ತಾವು ಆರಿಸಿದ್ದ ಸೊಪ್ಪು ಏನಾಯಿತು ಅಂತ ಕೇಳಿದರು. ಒಂದು ಬೇಲು ಕಟ್ಟುವಷ್ಟು ಇಲ್ಲದ್ದರಿಂದ ಆ ಹೊಲದವರ ಸೊಪ್ಪು ಮೂಲೆಯಲ್ಲಿ ಗೋಣಿತಾಟಿನಡಿ ಹಾಗೇ ಇತ್ತು.

ತಾಟು ಸರಿಸಿ ಕೂತರು. ಎಡಗಣ್ಣು ಮುಚ್ಚಿ, ಹೊಸ ಕಣ್ಣಿನಲ್ಲಿ ಮೇಲಿನಿಂದ ತಳದವರೆಗೆ ನೋಡಿದರು. ಬ್ರೈಟಿನ ಗುಡ್ಡೆಯಲ್ಲಿ ಬ್ರೈಟೇ ಇತ್ತು. ಮೀಡಿಯಂ ಮೀಡಿಯಂ, ಲೋ ಲೋ. ಒಂದೆಲೆಯೂ ತಪ್ಪಿರಲಿಲ್ಲ. "ನೋಡಿದ್ರಾ ಅತ್ತೆ, ಎಲ್ಲ ಸರಿ ಐತೆ! ಸುಮ್ನೆ ಹೆದರಿದ್ರಿ" ಅಂತ ನಾನು ಕೂಗೇಬಿಟ್ಟೆ. ಹೆಂಡತಿ ಕಣ್ಣೊರೆಸಿಕೊಂಡಳು.

ಅತ್ತೆ ಮಾತ್ರ ಖುಷಿಪಡಲಿಲ್ಲ. ಬ್ರೈಟಿನಿಂದ ಒಂದು, ಮೀಡಿಯಮ್ಮಿನಿಂದ ಒಂದು ಎಲೆ ತೆಗೆದು ಪಕ್ಕಪಕ್ಕ ಹಿಡಿದು, ಈಗ ಬಲಗಣ್ಣು ಮುಚ್ಚಿದರು. ಪೊರೆ ಬಂದ ಹಳೆಯ ಕಣ್ಣಿನಲ್ಲಿ ನೋಡಿದರು. ಹಾಗೇ ಇನ್ನೊಂದು ಜೋಡಿ. ಮತ್ತೊಂದು. ಬದಲಾಗಿದ್ದದ್ದು ಕಣ್ಣೊಂದೇ, ಎಲೆಗಳು ಅವೇ.

"ಈ ಕಣ್ಣಿಗೆ ಇವೆರಡೂ ಒಂದೇ ಥರ ಕಾಣ್ತವೆ" ಅಂದರು ಮೆಲ್ಲಗೆ. "ಅವತ್ತು ನನಗೆ ಇದ್ದದ್ದು ಇಂಥವೇ ಎರಡು ಕಣ್ಣು. ಈ ಕಣ್ಣಿಗೆ ಇದನ್ನ ಬೇರೆ ಮಾಡಕ್ಕೆ ಬರಕಿಲ್ಲ. ಅಂದ್ಮೇಲೆ ಇದನ್ನ ಆರಿಸಿದ್ದು ನಾನಲ್ಲ. ಯಾರ್ರೇ ಆರಿಸಿದ್ದು?"

ಏಳು ಜನರ ಕೈಯೂ ನಿಂತಿತು. ಕೊನೆಗೆ ಅವರಲ್ಲಿ ಚಿಕ್ಕವಳು, ಅತ್ತೆಯ ಪಕ್ಕ ಕೂತು ಕೆಲಸ ಕಲಿತವಳು, ತಲೆ ತಗ್ಗಿಸಿಕೊಂಡೇ ಹೇಳಿದಳು. "ಎರಡು ವರ್ಷದಿಂದ ಹಿಂಗೇ ಕಣಕ್ಕ. ನೀವು ಕಾಫಿ ಕುಡಿಯಕ್ಕೆ ಎದ್ದೋದಾಗ ನಿಮ್ಮ ಗುಡ್ಡೆ ಸರಿ ಮಾಡ್ಕೋತಿದ್ದೋ. ಹೇಳಕ್ಕೆ ಮನಸ್ಸು ಬರ್ಲಿಲ್ಲ. ನೀವು ಕಲಿಸಿದ ಹಂಗೇ ಮಾಡಿದ್ದೀವಿ ಅಕ್ಕ, ನಮ್ಮಿಷ್ಟಕ್ಕೆ ಮಾಡ್ಲಿಲ್ಲ."

ಅತ್ತೆ ಎದ್ದು ಹೊರಟುಬಿಡುತ್ತಾರೆ ಅಂದುಕೊಂಡೆ, ನಾನಾಗಿದ್ದರೆ ಏನಾದರೊಂದು ಒಡೆದಿರುತ್ತಿದ್ದೆ. ಅತ್ತೆ ಆ ಎರಡು ಎಲೆಗಳನ್ನು ಬೆರಳಿನಿಂದ ಸವರಿ ಕೆಳಗಿಟ್ಟರು. ಕಣ್ಣಿನಲ್ಲಿ ನೀರಿತ್ತು, ಆಪರೇಷನ್ ಆದ ಕಣ್ಣು ಅಂತ ಒರೆಸಿಕೊಳ್ಳಲಿಲ್ಲ. ಆಮೇಲೆ ಎದ್ದು ಬೆಳಕಿನ ಕಡೆಯ ತಮ್ಮ ಜಾಗಕ್ಕೆ ಹೋಗಿ ಕೂತರು. ಹೊಸ ಸೊಪ್ಪು ಮುಂದಕ್ಕೆ ಎಳೆದುಕೊಂಡು ಹತ್ತಿಪ್ಪತ್ತು ಎಲೆ ಆರಿಸಿ ಮೂರು ಗುಡ್ಡೆ ಮಾಡಿದರು. ಚಿಕ್ಕವಳನ್ನು ಹತ್ತಿರ ಕರೆದು ಗುಡ್ಡೆಗಳನ್ನು ಅವಳ ಮುಂದೆ ತಳ್ಳಿದರು.

"ಇನ್ಮೇಲೆ ನಾನು ಎದ್ದೋಗೋ ತನಕ ಕಾಯ್ಬ್ಯಾಡಿ ಕಣ್ರೇ. ನಾನು ಕೂತಿರೋವಾಗ್ಲೇ ತಿದ್ದಿ" ಅಂದರು.

ಅವಳು ಅಳುತ್ತಾ ಒಂದೊಂದೇ ಎಲೆ ತಿರುವಿ ಹಾಕಿದಳು. ಬ್ರೈಟಿನ ಗುಡ್ಡೆಯಿಂದ ಒಂದೇ ಒಂದು ಎಲೆ ತೆಗೆದು ಮೀಡಿಯಮ್ಮಿನ ಮೇಲಿಟ್ಟಳು. ಅತ್ತೆ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಹೂಂ, ನೀನೇ ಸರಿ" ಅಂತ ಅಲ್ಲೇ ಇಟ್ಟರು.